ಆರು ಓಂ ಎಲ್ಲಿ ಹೋದವು?

ಹತ್ತು ತೋರಿಸಬೇಕಿದ್ದ ಮೀಟರಿನ ಮುಳ್ಳು ನಾಲ್ಕಕ್ಕೆ ಬಂದು ನಿಂತಿತು. ನನಗೆ ಖುಷಿಯಾಯಿತು. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಯಾಕೆಂದರೆ ಆಮೇಲೆ ವನದುರ್ಗದ ಜನ ನನ್ನನ್ನು ಭಾರೀ ಶಾಣ್ಯಾ ಎಂದು ಹೊಗಳಿಕೊಂಡು ತಿರುಗಿದರು.

ಆಗಿನ್ನೂ ನಿಜಾಮರ ಆಳ್ವಿಕೆ ಮುಗಿದಿರಲಿಲ್ಲ. ನಾನು ಯಾದಗಿರಿಯ ಒಂದು ಹತ್ತಿ ಜಿನ್ನಿನಲ್ಲಿ ಡೈನಮೊ ನೋಡಿಕೊಳ್ಳುತ್ತಿದ್ದೆ. ವನದುರ್ಗದ ಕುಡಿಯುವ ನೀರಿನ ಬಾವಿಯಲ್ಲಿ ಬಂಡೆ ಸಿಕ್ಕಿತ್ತು. ಅದನ್ನು ಮದ್ದಿಟ್ಟು ಕರೆಂಟಿನಿಂದ ಸಿಡಿಸಲು ಗುತ್ತೇದಾರ ಖಾಜಾಮಿಯಾ ನನ್ನನ್ನು ಕರೆಸಿದ್ದರು. ಅಲ್ಲಿಯವರೆಗೆ ಮದ್ದಿನ ಬತ್ತಿಗೆ ಬೆಂಕಿ ಹಚ್ಚಿ, ಹಗ್ಗ ಹಿಡಿದು ಮೇಲಕ್ಕೆ ಹತ್ತಿ ಓಡುತ್ತಿದ್ದವನು ದ್ಯಾವಪ್ಪ. ಕಲ್ಲು ಹಾರಿದ ಮೇಲೆ ಮೊದಲು ಇಳಿಯುವವನೂ ಅವನೇ. ಬಂಡೆಯಲ್ಲಿ ಮದ್ದಿನ ಕುಳಿ ಕೊರೆದವನೇ ಮೊದಲು ಇಳಿಯಬೇಕೆಂಬುದು ಆ ಕಲ್ಲುಕುಟಿಗರ ಪದ್ಧತಿ. ಹಿಂದಿನ ವರ್ಷ ಬೇರೊಂದು ಊರಿನಲ್ಲಿ ಅವನ ಅಣ್ಣ ಹಾಗೆಯೇ ಇಳಿದು, ಮದ್ದು ಹಾರದೆ ಉಳಿದಿದ್ದ ಕುಳಿಗೆ ಹಾರೆ ತಾಗಿಸಿ ಸತ್ತಿದ್ದ.

ಲೆಕ್ಕ ನನ್ನದೇ. ನಾಲ್ಕು ಕುಳಿ, ಒಂದೊಂದಕ್ಕೆ ಮದ್ದನ್ನು ಸಿಡಿಸುವ ಒಂದು ಕೇಪು. ಒಂದು ಕೇಪು ಕರೆಂಟಿಗೆ ಒಡ್ಡುವ ಅಡ್ಡಿ ಎರಡು ಓಂ ಎಂದು ಪೆಟ್ಟಿಗೆಯಲ್ಲಿದ್ದ ಕಾಗದ ಹೇಳುತ್ತಿತ್ತು. ಸಾಲಾಗಿ ಜೋಡಿಸಿದರೆ ಎಂಟು. ಮೇಲಕ್ಕೆ ಬರುವ ಉದ್ದನೆಯ ತಂತಿಯದು ಎರಡು. ಒಟ್ಟು ಹತ್ತು ಓಂ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ್ದೆ. ಮೋಟಾರು ಗಾಡಿಯ ಎರಡು ಬ್ಯಾಟರಿ ಕೂಡಿಸಿದರೆ ಹನ್ನೆರಡು ವೋಲ್ಟು. ಹನ್ನೆರಡನ್ನು ಹತ್ತರಿಂದ ಭಾಗಿಸಿದರೆ ಒಂದು ಆಂಪಿಯರಿಗಿಂತ ತುಸು ಜಾಸ್ತಿ. ಕೇಪು ಹಾರಲು ಒಂದು ಆಂಪಿಯರ್ ಸಾಕು.

"ನಾಕ ತೋರಿಸ್ತದೇನು?" ಖಾಜಾಮಿಯಾ ಮೀಟರಿನ ಮೇಲೆ ಬಗ್ಗಿದರು. "ಅಡ್ಡಿ ಕಮ್ಮಿ ಆದ್ರ ಕರೆಂಟ್ ಜಾಸ್ತಿ ಅಂತ ನೀನೇ ಹೇಳೀದಿ. ಹನ್ನೆರಡಕ್ಕ ನಾಕು, ಮೂರು ಆಂಪಿಯರ್. ಇನ್ನೇನು ಬೇಕು? ಒರತಿ ನೀರು ಏರಾಕತ್ತದ, ಮದ್ದು ತೊಯ್ತದ. ಹಚ್ಚು!"

"ಹೌದ್ರಿ," ಎಂದು ನಾನು ತಂತಿಗಳನ್ನು ಎತ್ತಿಕೊಂಡೆ.

"ಆರು ಎಲ್ಲಿ ಹೋದವ್ರಿ?"

ಕೇಳಿದವಳು ದ್ಯಾವಪ್ಪನ ಹೆಂಡತಿ ಹಣಮಂತಮ್ಮ. ನನಗೆ ರೇಗಿತು. ನನ್ನ ಲೆಕ್ಕದಲ್ಲಿ ಯಾರಾದರೂ ಬಾಯಿ ಹಾಕಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

"ಇದು ಜ್ವಾಳ ಅಳಿಯೋದಲ್ಲವ್ವ."

"ಜ್ವಾಳ ಆದ್ರೂ ಕೇಳ್ತೇನಿ. ಚೀಲದಾಗ ಹತ್ತು ಸೇರು ಹಾಕೇನಿ, ನಾಕು ಬಂತಂದ್ರ ಚೀಲಕ್ಕ ತೂತು ಬಿದ್ದದ ಅಂತೇನಿ. ಚೀಲ ಹಗುರಾತು ಅಂತ ಕುಣಿಯಾಂಗಿಲ್ಲ."

ಸುತ್ತಲಿದ್ದವರು ನಕ್ಕರು. ನಾನು ನಗಲಿಲ್ಲ. ತಂತಿಯ ಎರಡೂ ತುದಿಗಳನ್ನು ಹೊಸೆದು ಕೆಳಗಿಟ್ಟು, ಇದ್ದಿಲಿನಿಂದ ಹಾಸುಗಲ್ಲಿನ ಮೇಲೆ ಗೀಚಿದೆ. ಉದ್ದ ತಂತಿಯ ಎರಡು ಓಂ ಎಲ್ಲಿಗೂ ಹೋಗಿಲ್ಲ. ಹಾಗಾದರೆ ಕೇಪುಗಳಿರುವ ಕಡೆ ಎಂಟರ ಬದಲು ಎರಡೇ ಉಳಿದಿದೆ. ಕೇಪುಗಳ ಅಡ್ಡಿ ತಾನಾಗಿ ಇಳಿಯುವುದಿಲ್ಲ. ಪಕ್ಕದಲ್ಲಿ ಕರೆಂಟಿಗೆ ಇನ್ನೊಂದು ದಾರಿ ಇದೆ. ಮೂರು ಆಂಪಿಯರ್ ಹರಿದರೆ ಉದ್ದ ತಂತಿಯೇ ಆರು ವೋಲ್ಟು ತಿನ್ನುತ್ತದೆ. ಉಳಿದ ಆರು ವೋಲ್ಟು ಕೇಪುಗಳ ಎಂಟು ಓಮಿಗೆ. ಮುಕ್ಕಾಲು ಆಂಪಿಯರ್.

ಇನ್ನೊಮ್ಮೆ ಮಾಡಿದೆ. ಮುಕ್ಕಾಲೇ. ಹನ್ನೊಂದೂವರೆ ವಾಟ್ ಸಿಗಬೇಕಾದ ಕೇಪುಗಳಿಗೆ ನಾಲ್ಕೂವರೆ. ಇದ್ದಿಲು ಬಿಸಾಡಿ ಎದ್ದೆ.

"ಈಗ ಹಚ್ಚೂದು ಬ್ಯಾಡ್ರಿ," ಎಂದೆ. "ಇಷ್ಟು ಕರೆಂಟಿಗೆ ನಾಕೂ ಕೂಡೇ ಹಾರಾಂಗಿಲ್ಲ. ಒಂದು ಹಾರಿ, ತಂತಿ ಕಡಿದು, ಮೂರು ಹಂಗ ಉಳೀತಾವ. ದ್ಯಾವಪ್ಪ, ಕಡೀಕ ಮ್ಯಾಲ ಬಂದಾಂವ ನೀನು. ಕೆಳಗ ಏನು ಮಾಡಿದಿ?"

ದ್ಯಾವಪ್ಪ ಹೆಂಡತಿಯ ಮುಖ ನೋಡಿದ. "ದಾರ ಕಟ್ಟೇನ್ರಿ."

"ಯಾವ ದಾರ?"

"ತಿಂಥಣಿ ಗುಡಿಯಿಂದ ತಂದದ್ದು. ಕೆಂಪು ಜರಿ ದಾರ. ನೀವು ಎರಡು ಗಂಟು ಬಿಟ್ಟಿದ್ರಲ್ಲ, ಎರಡಕ್ಕೂ ಕೂಡಿಸಿ ಕಟ್ಟಿದೆ. ದೇವರ ಕಾಪು ಇರ್ಲಿ ಅಂತ."

ಕೇಪುಗಳ ಸಾಲಿನ ಎರಡು ತುದಿಗಳನ್ನು ಉದ್ದ ತಂತಿಗೆ ಸೇರಿಸಿದ ನನ್ನ ಗಂಟುಗಳು ಬರಿಮೈಯಲ್ಲಿದ್ದವು. ಗೇಣು ದೂರ ಇವೆಯಲ್ಲ ಎಂದು ರಬ್ಬರ್ ಸುತ್ತದೆ ಬಿಟ್ಟವನು ನಾನೇ. ಜರಿ ಎಂದರೆ ಲೋಹದ ಎಳೆ, ಕರೆಂಟಿಗೆ ಚಂದದ ಒಳದಾರಿ.

"ನಾನ ಕೊಟ್ಟಿದ್ದೆ," ಎಂದಳು ಹಣಮಂತಮ್ಮ. ಅವಳ ಧ್ವನಿ ಸಣ್ಣಗಾಗಿತ್ತು.

"ಜರಿ ಸುಟ್ಟು ಹೋಗ್ತದ, ಹಚ್ಚು," ಎಂದರು ಖಾಜಾಮಿಯಾ.

"ಅದು ಸುಡೋದ್ರೊಳಗ ಒಂದು ಕೇಪು ಹಾರಿದ್ರ? ಆಮ್ಯಾಲ ಯಾರು ಇಳೀತಾರ, ನೀವೇನು?" ಎಂದು ಕೂಗಿಬಿಟ್ಟೆ. ಗುತ್ತೇದಾರರು ಮೀಸೆ ತಿರುವಿಕೊಂಡು ದೂರ ಸರಿದರು.

ಯಾರೂ ಅಪ್ಪಿತಪ್ಪಿ ತಂತಿ ಮುಟ್ಟಿಸದಂತೆ ಬ್ಯಾಟರಿಗಳನ್ನು ಬೇವಿನ ಮರದಾಚೆ ಹೊರಿಸಿದೆ. ದ್ಯಾವಪ್ಪ ರಬ್ಬರ್ ಪಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿದ. ಮದ್ದು ತುಂಬಿದ ನಾಲ್ಕು ಕುಳಿಗಳ ನಡುವೆ ಕೂತು ದಾರ ಬಿಚ್ಚಿ, ಗಂಟುಗಳಿಗೆ ರಬ್ಬರ್ ಸುತ್ತಿದ. ಕೊನೆಗೆ ಒದ್ದೆ ದಾರವನ್ನು ಹಲ್ಲಲ್ಲಿ ಕಚ್ಚಿಕೊಂಡು ಮೇಲೆ ಬಂದ. ಮೀಟರ್ ಹತ್ತು ತೋರಿಸಿತು. ಎಲ್ಲರನ್ನೂ ಬಂಡೆಯ ಮರೆಗೆ ಕಳಿಸಿ, ಬ್ಯಾಟರಿ ತಂದು, ತಂತಿ ಮುಟ್ಟಿಸಿದೆ.

ನೆಲ ಅದುರಿತು. ಬಾವಿಯ ಬಾಯಿಂದ ಕಲ್ಲು ಮಣ್ಣು ಎದ್ದು ಬಿದ್ದವು. ಹೊಗೆ ತಿಳಿಯಾಗಲು ಒಂದು ತಾಸು ಬೇಕಾಯಿತು. ದ್ಯಾವಪ್ಪ ಎದ್ದು ಹಗ್ಗಕ್ಕೆ ಕೈ ಹಾಕಿದ. ಹಣಮಂತಮ್ಮ ಅವನ ಧೋತರದ ಚುಂಗು ಹಿಡಿದಳು.

"ಎಷ್ಟು ಹಾರ್ಯಾವ್ರಿ?" ಎಂದು ನನ್ನನ್ನು ಕೇಳಿದಳು.

"ನಾಕೂ."

"ಎಣಿಸೀರೇನು? ಬತ್ತಿ ಹಚ್ಚಿದಾಗ ಒಂದು, ಎರಡು, ಮೂರು ಅಂತ ಸಪ್ಪಳ ಎಣಸ್ತಿದ್ವಿ. ಈಗ ಒಂದ ಸಪ್ಪಳ ಬಂತು."

"ಎಲ್ಲಾ ಒಮ್ಮೇ ಹಾರ್ತಾವವ್ವ. ಲೆಕ್ಕ ಸರಿ ಅದ."

"ಲೆಕ್ಕ ಮಾಡಿದವ್ರು ನೀವು. ನೀವ ಇಳೀರಿ."

ಇಷ್ಟು ವರ್ಷ ನಾನು ಮಾಡಿದ ಲೆಕ್ಕಗಳು ತಪ್ಪಿದಾಗ ಒಂದು ಬಲ್ಬು ಸುಟ್ಟಿರಬಹುದು, ಅಷ್ಟೇ.

ಚಪ್ಪಲಿ ಬಿಟ್ಟು ಇಳಿದೆ. ಕೆಳಗೆ ಮದ್ದಿನ ವಾಸನೆ, ಒಡೆದ ಕಲ್ಲಿನ ರಾಶಿ. ಮೊದಲ ಕುಳಿ ಸೀಳಿಹೋಗಿತ್ತು. ಎರಡನೆಯದು, ಮೂರನೆಯದೂ ಹಾಗೆಯೇ. ನಾಲ್ಕನೆಯದರ ಮೇಲೆ ಕಲ್ಲು ಕುಸಿದಿದ್ದವು. ಹಾರೆ ಮುಟ್ಟಲು ಧೈರ್ಯ ಸಾಲದೆ, ಒಂದೊಂದೇ ಕಲ್ಲನ್ನು ಬೆರಳಿನಿಂದ ಎತ್ತಿ ಎತ್ತಿ ಬದಿಗಿಟ್ಟೆ. ಉಗುರು ಕಿತ್ತಿತು. ಕೊನೆಗೆ ಅಂಗೈಗೆ ಸಿಕ್ಕಿದ್ದು ಬೋಳು ಬಂಡೆ, ಸುಟ್ಟು ಕಪ್ಪಾದ ಅರ್ಧ ಕುಳಿ. ಒಳಗೆ ಏನೂ ಇರಲಿಲ್ಲ.

"ನಾಕು!" ಎಂದು ಕೂಗಿದೆ.

ಮೇಲೆ ಹಣಮಂತಮ್ಮ ಧೋತರದ ಚುಂಗು ಬಿಟ್ಟಿರಬೇಕು. ಹಗ್ಗ ಬಿಗಿಯಾಯಿತು, ದ್ಯಾವಪ್ಪನ ಕಾಲುಗಳು ಇಳಿಯತೊಡಗಿದವು.