ಕತ್ತರಿಸದ ಉಣ್ಣೆ

ಬೋಟು ಬರುವುದಿಲ್ಲ ಎಂಬುದು, ತನ್ನ ಸಹಾಯಕ ಪಾಪಣ್ಣ ಫೋನನ್ನು ಕಿವಿಯಿಂದ ಕೆಳಗಿಳಿಸಿದ ರೀತಿಯಲ್ಲೇ ಉಚ್ಚಂಗಮ್ಮನಿಗೆ ತಿಳಿದುಹೋಯಿತು.

"ಹೊಳಲ್ಕೆರೆ ಹತ್ರ ಹಳ್ಳ ರೋಡಿನ ಮೇಲೆ ಹರೀತೈತಂತೆ ಅಕ್ಕಾ. ಬೋಟಿನ ಲಾರಿ ಆಚೆಗೇ ನಿಂತೈತೆ. ನೀರು ಇಳಿದ ಮೇಲೆ ಬರ್ತೀವಿ ಅಂದ್ರು."

"ಇಲ್ಲಿ ನೀರು ಏರ್ತಾ ಐತೆ ಅಂತ ಹೇಳಿದ್ಯಾ?"

"ಹೇಳ್ದೆ. ಕಟ್ಟೆ ತುಂಬ್ಲಿ ಅಂತ ಧರಣಿ ಕುಂತಿದ್ದೋರು ನಿಮ್ಮ ಮೇಡಮ್ಮೇ ಅಲ್ವೇನ್ರಿ ಅಂತ ನಕ್ಕ ಒಬ್ಬ."

ಎದುರಿಗೆ ಮಾರಿಕಣಿವೆ ಕಟ್ಟೆಯ ಹಿನ್ನೀರು. ಮೊನ್ನೆಯವರೆಗೆ ಹೊಸದುರ್ಗ ಸೀಮೆಯ ಈ ಬಯಲಿನಲ್ಲಿ ರಾಗಿ ಹೊಲವಿತ್ತು, ಬಳ್ಳಾರಿ ಜಾಲಿಯ ಮೆಳೆಯಿತ್ತು, ಕುರಿ ನಡೆಯುವ ಹಾದಿಯಿತ್ತು. ಈಗ ಕಣ್ಣು ಹಾಯುವಷ್ಟೂ ಕೆಂಪು ನೀರು. ಅರ್ಧ ಮೈಲಿಯಾಚೆ ಒಂದು ದಿಬ್ಬದ ನೆತ್ತಿ ಮಾತ್ರ ಉಳಿದಿತ್ತು. ಅದರ ಮೇಲೆ ಕಪ್ಪಗೆ ಕದಲುತ್ತಿದ್ದದ್ದು ಅವಳ ಅಣ್ಣ ಬೀರಪ್ಪನ ಕುರಿಮಂದೆ. ಅದರ ನಡುವೆ ನೆಟ್ಟಗೆ ನಿಂತ ಒಂದು ಗೀಟು, ಬೀರಪ್ಪ. ರಾತ್ರಿ ಮಂದೆ ಮಲಗಿಸಲು ಎತ್ತರದ ಜಾಗವೆಂದು ಹತ್ತಿದ್ದ. ಬೆಳಗಾಗುವಷ್ಟರಲ್ಲಿ ಸುತ್ತಲೂ ನೀರು.

ಬೀರಪ್ಪನ ಹೆಂಡತಿ ಬರಗೇರಮ್ಮ ಬೆಳಗಿನಿಂದ ಅತ್ತಿರಲಿಲ್ಲ. ನಾದಿನಿಯ ಮುಂದೆ ಬಂದು ನಿಂತಳು.

"ಏನು, ಇನ್ನೂ ಫೋನೇನಾ ಉಚ್ಚಂಗಮ್ಮ? ಸಮುದ್ರ ಈಜಿದೋಳಿಗೆ ಕೆರೆ ನೀರು ಕಂಡ್ರೆ ಭಯವೇನು?"

ಉಚ್ಚಂಗಮ್ಮ ದಿಬ್ಬದ ಮೇಲಿನ ಗೀಟನ್ನೇ ನೋಡಿದಳು. ಅವಳಿಗೆ ಈಜು ಕಲಿಸಿದವನು ಬೀರಪ್ಪನೇ. ಉಣ್ಣೆ ಕತ್ತರಿಸುವ ಮುನ್ನಾದಿನ ಕುರಿಗಳನ್ನು ಕೆರೆಯ ಮಡುವಿಗೆ ಇಳಿಸಿ ತೊಳೆಯುತ್ತಾರೆ. ಮುಂದಾಳು ಟಗರು ನೀರಿಗಿಳಿದರೆ ಸಾಕು, ಉಳಿದವು ತಾವಾಗಿ ಹಿಂದೆ ಬೀಳುತ್ತವೆ. ಆ ಟಗರನ್ನು ಎಳೆದುಕೊಂಡು ಮುಂದೆ ಈಜುವುದು ಚಿಕ್ಕ ಹುಡುಗಿ ಉಚ್ಚಂಗಿಯ ಕೆಲಸವಾಗಿತ್ತು. ಅಲ್ಲಿಂದ ಹಿರಿಯೂರಿನ ಡ್ರಿಲ್ ಮೇಷ್ಟ್ರೊಬ್ಬರ ಕಣ್ಣಿಗೆ ಬಿದ್ದು, ಕಾಲುವೆ, ಮಂಗಳೂರಿನ ಕಡಲು ಅಂತೆಲ್ಲ ಹೋಗಿ, ಕೊನೆಗೆ ಧನುಷ್ಕೋಟಿಯ ಸಮುದ್ರವನ್ನು ಇಡೀ ಹಗಲು ಈಜಿ ದಾಟಿದ್ದಳು. ಚಿತ್ರದುರ್ಗದಲ್ಲಿ ತೆರೆದ ಜೀಪಿನ ಮೆರವಣಿಗೆ ಆಯಿತು. ಆ ಜೀಪು ಎಲ್ಲೂ ನಿಲ್ಲದೆ ನೇರ ತಾಲ್ಲೂಕು ಪಂಚಾಯ್ತಿಯ ಬಾಗಿಲಿಗೇ ಬಂದು ಮುಟ್ಟಿತೇನೋ ಎಂದು ಅವಳಿಗೆ ಈಗಲೂ ಅನ್ನಿಸುವುದುಂಟು. 'ಸಮುದ್ರ ದಾಟಿದಾಕೆ ನಿಮ್ಮನ್ನೂ ದಾಟಿಸುತ್ತಾಳೆ' ಎಂದು ಗೋಡೆಗೋಡೆಗೂ ಬರೆಸಿದವನು ಪಾಪಣ್ಣ. ಮಳೆಗೆ ಆ ಅಕ್ಷರಗಳು ಇನ್ನೂ ಅಳಿಸಿಹೋಗಿರಲಿಲ್ಲ.

ಅವಳಿಗೆ ಭಯವಿದ್ದದ್ದು ನೀರಿನದಲ್ಲ, ಉಣ್ಣೆಯದು.

ಈ ಸಲ ಉಣ್ಣೆ ಕತ್ತರಿಸಬೇಡಿ ಎಂದು ಹಟ್ಟಿಹಟ್ಟಿಗೂ ಹೋಗಿ ಹೇಳಿದವಳು ಅವಳೇ. ಓಡಾಡಿ ಮಂಜೂರು ಮಾಡಿಸಿದ ಉಣ್ಣೆ ಕೇಂದ್ರದ ಉದ್ಘಾಟನೆಯಿತ್ತು. ಮಂತ್ರಿಗಳ ಎದುರಿಗೆ ಕರೆಂಟಿನ ಮೆಷಿನ್ನಿನಲ್ಲಿ ಮೊದಲ ಕುರಿ ಬೋಳಾಗಬೇಕು, ಸೀಮೆಯ ಉಣ್ಣೆಯೆಲ್ಲ ಒಟ್ಟಿಗೇ ತಕ್ಕಡಿಗೆ ಬರಬೇಕು. ಮಂತ್ರಿಗಳ ದಿನ ಮುಂದಕ್ಕೆ ಹೋಯಿತು, ಮತ್ತೊಮ್ಮೆ ಹೋಯಿತು, ಅಷ್ಟರಲ್ಲಿ ಮಳೆ ಹಿಡಿಯಿತು. ಕಾದು ಸಾಕಾದವರು ತಾವೇ ಕತ್ತರಿ ಹಿಡಿದರು. ಬೀರಪ್ಪ ಹಿಡಿಯಲಿಲ್ಲ. ತಂಗಿಗೆ ಮಾತು ಕೊಟ್ಟಿದ್ದ.

ಬೋಳು ಕುರಿ ಈಜುತ್ತದೆ. ತುಂಬು ಉಣ್ಣೆಯ ಕುರಿಯೂ ಈಜುತ್ತದೆ, ನಾಲ್ಕು ಮಾರು. ಆಮೇಲೆ ನೀರು ಕುಡಿದ ಉಣ್ಣೆ ಅದನ್ನು ಕೆಳಗೆ ಕರೆದುಕೊಳ್ಳುತ್ತದೆ.

ಫೋನು ಮತ್ತೆ ಬಡಿದುಕೊಂಡಿತು. ಪಾಪಣ್ಣ ನೋಡಿ ತಲೆ ತಗ್ಗಿಸಿದ. "ಹಿರಿಯೂರಿನೋರು. ಸಂಜೆಗೆ ಕೋಡಿ ಬೀಳ್ತೈತಂತೆ, ಬಾಗಿನಕ್ಕೆ ನೀವೇ ಮುಂದೆ ನಿಂತ್ಕೋಬೇಕಂತೆ."

"ಅತ್ತಿಗೆ, ಅಣ್ಣಯ್ಯಂದು ಒಂದು ಚಡ್ಡಿ, ಅಂಗಿ ಕೊಡು" ಎಂದಳು ಉಚ್ಚಂಗಮ್ಮ.

*

ಐವತ್ತು ದಾಟಿದ ಮೈ ನೀರಿಗೆ ಬಿದ್ದಾಗ ಮೊದಲು ನೆನಪಾದದ್ದು ಭುಜದ ನೋವು, ಆಮೇಲೆ ಲಯ. ಬಲಕ್ಕೆ ಮಾತ್ರ ಉಸಿರು ತೆಗೆಯುವುದು ಅವಳ ಹಳೆಯ ರೂಢಿ. ಹಾಗಾಗಿ ಲೋಕ ಅವಳಿಗೆ ಯಾವಾಗಲೂ ಬಲಗಡೆಯಲ್ಲೇ, ತುಂಡುತುಂಡಾಗಿ ಕಾಣುತ್ತಿತ್ತು. ಒಂದು ಚೂರು ಆಕಾಶ, ಆಮೇಲೆ ಕತ್ತಲೆ, ಮತ್ತೆ ಒಂದು ಚೂರು. ಸಮುದ್ರಕ್ಕೆ ತಳವಿರಲಿಲ್ಲ. ಇಲ್ಲಿಯ ನೀರಿಗೆ ಕೈಗಳಿದ್ದವು. ಮುಳುಗಿದ ಜಾಲಿ ಮರಗಳು ಕೆಳಗಿನಿಂದ ಹೊಟ್ಟೆಗೆ, ತೊಡೆಗೆ ಮುಳ್ಳು ಗೀರಿದವು.

ದಿಬ್ಬ ಹತ್ತಿದಾಗ ಕುರಿಗಳು ಅವಳನ್ನು ಕಂಡು ಹಿಂದೆ ಸರಿದವು. ಬೀರಪ್ಪ ಸರಿಯಲಿಲ್ಲ.

"ಯಾಕ್ ಬಂದೆ?"

"ನಿನ್ನ ಕರ್ಕೊಂಡು ಹೋಗಾಕೆ."

"ನನ್ನೊಬ್ಬನ್ನೇನಾ?"

"ಅಣ್ಣಯ್ಯ, ಸಂಜೆಗೆ ಈ ನೆತ್ತಿನೂ ಮುಳುಗ್ತೈತೆ. ಕುರಿಗೆ ಪರಿಹಾರ ಕೊಡಿಸ್ತೀನಿ. ನನ್ನ ಮೇಲಾಣೆ."

"ಓಟು ಕೇಳೋ ದನಿಯಾಗೆ ನನ್ ಹತ್ರ ಮಾತಾಡ್ಬ್ಯಾಡ ಉಚ್ಚಂಗಿ." ಅವನು ಸೊಂಟದಿಂದ ಉಣ್ಣೆ ಕತ್ತರಿ ತೆಗೆದ. ಪಕ್ಕದ ಕುರಿಯೊಂದನ್ನು ಮಗ್ಗುಲಿಗೆ ಕೆಡವಿದ. "ಬಂದಿದ್ದೀಯ, ಕಾಲು ಹಿಡ್ಕೋ."

ಅವಳು ಹಿಡಿದಳು. ಬೇರೆ ಏನು ಮಾಡುವುದು ಅವಳಿಗೂ ತೋಚಲಿಲ್ಲ. ನೆನೆದ ಉಣ್ಣೆಗೆ ಕತ್ತರಿ ಕಚ್ಚುವುದಿಲ್ಲ, ಜಾರುತ್ತದೆ, ಚರ್ಮಕ್ಕೆ ಹೋಗುತ್ತದೆ. ಒಂದು ಕುರಿ ಮುಗಿಯುವಷ್ಟರಲ್ಲಿ ನೀರು ಒಂದು ಕಲ್ಲನ್ನು ನುಂಗುತ್ತಿತ್ತು. ಬೀರಪ್ಪನ ಹೆಬ್ಬೆರಳು ಸೀಳಿ ಕರಿ ಉಣ್ಣೆಯ ಮೇಲೆ ರಕ್ತ ಕಾಣದಂತೆ ಇಂಗುತ್ತಿತ್ತು.

ಮುಂದಿನ ಕುರಿ ಯಾವುದೆಂದು ಆರಿಸಿ ಎಳೆದು ತರುವ ಕೆಲಸ ಅವಳದು. ಮೊದಲು ಮುಂದಾಳು ಟಗರು. ಆಮೇಲೆ ಗಬ್ಬದವು. ಆಮೇಲೆ? ಎಳೆಯದೋ, ಹಾಲು ಕೊಡುವುದೋ? ತಾಲ್ಲೂಕು ಪಂಚಾಯ್ತಿಯ ಮೀಟಿಂಗಿನಲ್ಲಿ ಇದಕ್ಕೆ ಫಲಾನುಭವಿಗಳ ಆಯ್ಕೆ ಎನ್ನುತ್ತಿದ್ದರು. ಟೀ ಕುಡಿಯುತ್ತ ಆರಿಸುತ್ತಿದ್ದಳು. ಈಗ ಅವಳು ಕೈಚಾಚಿದ ಕಡೆಯೆಲ್ಲ ಹಳದಿ ಕಣ್ಣುಗಳು ಅವಳನ್ನೇ ನೋಡಿದವು, ಯಾವುದೂ ಬೇಡಲಿಲ್ಲ. ಬೇಡಿದ್ದರೆ ಬೈದು ತಳ್ಳುವುದಾದರೂ ಸುಲಭವಾಗುತ್ತಿತ್ತು.

"ಜಲ್ದಿ ತಾರೇ" ಎಂದ ಬೀರಪ್ಪ. "ಮಂತ್ರಿ ಬರ್ಲಿ ಅಂತ ಕಾಯ್ತೀಯೇನು?"

ಅವನು ನಗಿಸಲು ಹೇಳಿದ್ದೋ ಚುಚ್ಚಲು ಹೇಳಿದ್ದೋ ಗೊತ್ತಾಗಲಿಲ್ಲ. ಇಬ್ಬರೂ ನಗಲಿಲ್ಲ.

ನೀರು ಕಣಕಾಲಿಗೆ ಬಂದಾಗ ಮಂದೆಯ ಅರ್ಧವೂ ಬೋಳಾಗಿರಲಿಲ್ಲ. ಬೀರಪ್ಪ ಕತ್ತರಿಯನ್ನು ಸೊಂಟಕ್ಕೆ ಸಿಕ್ಕಿಸಿದ.

"ಸಾಕು. ಬೋಳಾದವನ್ನ ಕರ್ಕೊಂಡು ನೀನು ಹೊಂಡು. ಟಗರು ನಿನ್ ಕೈಯಾಗೆ. ಉಣ್ಣೆ ಇರೋವನ್ನ ನಾನು ತಡೀತೀನಿ."

"ಆಮ್ಯಾಲೆ?"

"ಆಮ್ಯಾಲೆ ನೀನು ವಾಪಸ್ ಬಾ. ಬರಾಕಾಗಲ್ವಾ?" ಕಂಬಳಿಯನ್ನು ಎರಡೂ ಕೈಯಲ್ಲಿ ಅಗಲವಾಗಿ ಬಿಚ್ಚಿ ಗೋಡೆಯಂತೆ ಹಿಡಿದ. "ಒಂದೇ ಮಾತು. ನಡುವೆ ಏನೇ ಆಗ್ಲಿ, ಹಿಂದಕ್ಕೆ ತಿರುಗಬ್ಯಾಡ. ನೀನು ತಿರುಗಿದ್ರೆ ಟಗರು ತಿರುಗ್ತೈತೆ. ಟಗರು ತಿರುಗಿದ್ರೆ ಎಲ್ಲಾವೂ ಗಿರಗಿರ ಸುತ್ತಿ ಅಲ್ಲೇ ಸಾಯ್ತವೆ. ಸಣ್ಣೋಳಿದ್ದಾಗ ಹೇಳಿದ್ನಲ್ಲ?"

"ಹೇಳಿದ್ದೆ."

"ಹೊಂಡು ಮತ್ತೆ."

ಟಗರಿನ ಕೊರಳ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡು ಅವಳು ನೀರಿಗಿಳಿದಳು. ಟಗರು ಒಮ್ಮೆ ಒದ್ದಾಡಿ ಬಂತು. ಅದರ ಹಿಂದೆ ಒಂದು, ಇನ್ನೊಂದು, ಆಮೇಲೆ ಸಾಲು. ಬೋಳು ಕುರಿಗಳು ಮೂತಿ ಮೇಲೆತ್ತಿ, ಮೂಗಿನಲ್ಲಿ ಸೀನುತ್ತ ಈಜಿದವು. ಅವಳು ಉಸಿರಿಗೆ ತಿರುಗಿದಾಗಲೆಲ್ಲ ಬಲಗಡೆಗೆ ನಾಲ್ಕಾರು ತಲೆಗಳು ಕಾಣುತ್ತಿದ್ದವು. ಆಗುತ್ತದೆ, ಆಗುತ್ತದೆ ಎಂದು ಕೈ ಹಾಕಿದಳು.

ಆಗ ಹಿಂದಿನಿಂದ ಅಣ್ಣನ ಕೂಗು ಕೇಳಿಸಿತು. ಮಾತಲ್ಲ, ಕುರಿಗಳನ್ನು ತಡೆದು ತರುಬುವ ಕೂಗು. ಹೇ ಹೇ ಹೇ. ಆಮೇಲೆ ಮೈಗಳು ಧುಮುಕುವ ಸದ್ದು, ಒಂದಲ್ಲ, ಹತ್ತಾರು.

ಕುರಿ ಕುರಿಯ ಹಿಂದೆ ಹೋಗುತ್ತದೆ. ಅದಕ್ಕೆ ತನ್ನ ಮೈಮೇಲೆ ಉಣ್ಣೆಯಿದೆಯೋ ಇಲ್ಲವೋ ಗೊತ್ತಿಲ್ಲ.

ಮುಂದಿನ ಉಸಿರಿಗೆ ಅವಳು ತಲೆಯನ್ನು ತುಸು ಹೆಚ್ಚೇ ಹೊರಳಿಸಿದಳು. ದಿಬ್ಬದ ನೆತ್ತಿಯಲ್ಲಿ ಗೀಟು ಇರಲಿಲ್ಲ. ಕಂಬಳಿ ನೀರಿನ ಮೇಲೆ ಹಾಸಿಕೊಂಡಿತ್ತು. ಕರಿ ಉಣ್ಣೆಯ ರಾಶಿಯ ನಡುವೆ ಎದೆಮಟ್ಟ ನೀರಿನಲ್ಲಿ ಬೀರಪ್ಪ ಒಂದರ ತಲೆ ಎತ್ತಿ ಹಿಡಿಯುತ್ತಿದ್ದ, ಅದನ್ನು ಬಿಟ್ಟು ಇನ್ನೊಂದರ ತಲೆ. ಸೊಂಟದ ಹಗ್ಗ ಸಡಿಲವಾಯಿತು. ಅವಳ ತಲೆ ಹೊರಳಿದ ಕಡೆಗೇ ಟಗರೂ ಮೂತಿ ಹೊರಳಿಸಿತ್ತು. ಹಿಂದಿನ ಸಾಲು ಬಾಗತೊಡಗಿತ್ತು.

"ಅಣ್ಣಯ್ಯಾ!"

ಬಾಯಿಗೆ ನೀರು ನುಗ್ಗಿತು. ಅವಳು ಮುಖವನ್ನು ನೀರಿನೊಳಗೆ ತುರುಕಿ ದಡದ ಕಡೆಗೆ ಕೈ ಹಾಕಿದಳು. ಮತ್ತೆ ಹಾಕಿದಳು. ಉಸಿರಿಗೂ ತಲೆಯೆತ್ತಲು ಹೆದರಿಕೆಯಾಗುತ್ತಿತ್ತು. ಇಡೀ ಸಮುದ್ರ ದಾಟಿದ ಹಗಲಿನಲ್ಲಿ ಅವಳು ಒಮ್ಮೆಯೂ ಇಷ್ಟು ದೂರ ಈಜಿರಲಿಲ್ಲ.

*

ದಡದಲ್ಲಿ ಬರಗೇರಮ್ಮ ಸೊಂಟಮಟ್ಟ ನೀರಿಗಿಳಿದು ಒಂದೊಂದೇ ಬೋಳು ಕುರಿಯನ್ನು ಕಿವಿ ಹಿಡಿದು ಎಳೆದು ಜನರ ಕೈಗೆ ಕೊಟ್ಟಳು. ಯಾರೋ "ಸಮುದ್ರದ ಉಚ್ಚಂಗಮ್ಮಂಗೆ" ಎಂದು ಕೂಗಿದರು. ಜೈ ಅನ್ನಲು ಯಾರಿಗೂ ಬಾಯಿ ಬರಲಿಲ್ಲ.

"ಅವ್ರು?" ಎಂದಳು ಬರಗೇರಮ್ಮ.

ಉಚ್ಚಂಗಮ್ಮ ಹಗ್ಗ ಬಿಚ್ಚಿ ಆಗಲೇ ತಿರುಗಿದ್ದಳು.

ದಿಬ್ಬವಿದ್ದ ಜಾಗವನ್ನು ಈಗ ಊಹಿಸಿ ಗುರುತಿಸಬೇಕಾಗಿತ್ತು. ಅಲ್ಲಲ್ಲಿ ಕರಿ ಉಣ್ಣೆಯ ಬೆನ್ನುಗಳು ತೇಲುತ್ತಿದ್ದವು. ಕೈ ತಗುಲಿದರೆ ಮೆತ್ತಗೆ ತಿರುಗಿಕೊಳ್ಳುತ್ತಿದ್ದವು. ಅವುಗಳ ನಡುವೆ ಒಂದು ಜಾಲಿಯ ತುದಿ ಮೇಲೆದ್ದಿತ್ತು. ಬೀರಪ್ಪ ಅದನ್ನು ಮೊಣಕೈಯಲ್ಲಿ ತಬ್ಬಿ ನೇತಾಡುತ್ತಿದ್ದ. ಮುಳ್ಳುಗಳು ತೋಳಿನೊಳಗೆ ಹೋಗಿದ್ದವು, ಈಜುವ ಶಕ್ತಿ ಉಳಿದಿರಲಿಲ್ಲ. ಇನ್ನೊಂದು ಕಂಕುಳಲ್ಲಿ ಒಂದು ಕುರಿ.

"ಬಾ ಅಣ್ಣಯ್ಯ. ಅದನ್ನ ಬಿಡು."

"ಬಿಸಿ ಐತಿನ್ನೂ."

"ಸತ್ತೈತೆ."

"ಇಲ್ಲ. ನೋಡು."

ಅವಳು ಕುರಿಯ ಮೂಗಿಗೆ ಕೈ ಹಿಡಿದಳು. ತಣ್ಣಗಿತ್ತು. ಅವನ ಮುಖ ನೋಡಿದಳು. ಇಷ್ಟು ವರ್ಷ ಊರೂರು ತಿರುಗಿ ಹೇಳಿದ ಸುಳ್ಳುಗಳಲ್ಲಿ ಒಂದೂ ಇಷ್ಟು ಕಷ್ಟದ್ದಾಗಿರಲಿಲ್ಲ.

"ಹೂಂ, ಉಸ್ರು ಐತೆ" ಎಂದಳು. "ಬಾ, ಇಬ್ಬರನ್ನೂ ಎಳ್ಕೊಂಡು ಹೋಗ್ತೀನಿ."

ಒಂದು ಕೈಯಲ್ಲಿ ಅಣ್ಣನ ಅಂಗಿಯ ಕೊರಳುಪಟ್ಟಿ, ಇನ್ನೊಂದು ಕೈ ನೀರಿಗೆ. ಅಣ್ಣನೇನೂ ಭಾರವಿರಲಿಲ್ಲ. ಅವನ ಕಂಕುಳಲ್ಲಿದ್ದ ಉಣ್ಣೆ ಒಂದೊಂದು ಕೈಗೂ ಇಬ್ಬರನ್ನೂ ಕೆಳಗೆ ಎಳೆಯಿತು. ಅದು ಅವಳೇ ಕತ್ತರಿಸಬೇಡವೆಂದ ಉಣ್ಣೆ. ಒಂದು ಸಲ ಅವಳ ತಲೆ ಪೂರ್ತಿ ಮುಳುಗಿತು, ಮತ್ತೊಂದು ಸಲ ಮುಳುಗಿತು. ಕುರಿಯನ್ನು ಅವನ ಕೈಯಿಂದ ಕಿತ್ತು ಬಿಡಬಹುದಾಗಿತ್ತು. ಬಿಡಲಿಲ್ಲ.

ದಡದಲ್ಲಿ ಅವರನ್ನು ಎಳೆದುಹಾಕಿದಾಗ ಬೆಳಕು ಕೆಂಪಾಗಿತ್ತು. ಬರಗೇರಮ್ಮ ಗಂಡನ ಮುಖವನ್ನು ಸೆರಗಿನಿಂದ ಒರೆಸಿದಳು. ನಾದಿನಿಯ ಕಡೆ ನೋಡಲಿಲ್ಲ. ಪಾಪಣ್ಣ ಬಡಿದುಕೊಳ್ಳುತ್ತಿದ್ದ ಫೋನನ್ನು ಹಿಡಿದು ಬಂದು, "ಅಕ್ಕಾ, ಕೋಡಿ..." ಎಂದವನು ಅಲ್ಲೇ ನಿಂತ.

ಬೀರಪ್ಪ ಎದ್ದು ಕುಳಿತ. ಸತ್ತ ಕುರಿಯನ್ನು ತನ್ನ ಮುಂದಕ್ಕೆ ಎಳೆದುಕೊಂಡ, ಮಗ್ಗುಲಿಗೆ ಮಲಗಿಸಿದ, ಅದರ ಮೂತಿಯ ಕೆಸರು ಒರೆಸಿದ. ಸೊಂಟ ತಡವಿದ. ಕತ್ತರಿ ಅಲ್ಲೇ ಇತ್ತು.

"ಕಾಲು ಹಿಡ್ಕೋ" ಎಂದ.

"ಅಣ್ಣಯ್ಯ..."

"ಹಿಡ್ಕೋ ಉಚ್ಚಂಗಿ."

ಅವಳು ಮಂಡಿಯೂರಿ ಕುರಿಯ ನಾಲ್ಕೂ ಕಾಲುಗಳನ್ನು ಎರಡು ಕೈಯಲ್ಲಿ ಒಟ್ಟು ಹಿಡಿದಳು. ಅವು ಒದೆಯಲಿಲ್ಲ. ಆದರೂ ಬಿಗಿಯಾಗಿ ಹಿಡಿದಳು. ಕತ್ತರಿ ಹೊಟ್ಟೆಯ ಕಡೆಯಿಂದ ಶುರುವಾಯಿತು.