ಒದ್ದೆ ಕರವಸ್ತ್ರದಲ್ಲಿ ಬ್ಯಾಟರಿ

೧

ಈ ಕತೆಯನ್ನು ಎಲ್ಲಿಂದ ಶುರು ಮಾಡಲಿ? ಬ್ಯಾಟರಿಯ ತೂಕದಿಂದ ಶುರು ಮಾಡಿದರೆ ನೀವು ಪುಟ ತಿರುವಿಬಿಡುತ್ತೀರಿ. ಕತ್ತಲಿನಿಂದ ಶುರು ಮಾಡಿದರೆ ನಾನು ದಾರಿ ತಪ್ಪುತ್ತೇನೆ. ಕತ್ತಲು ಸಿಕ್ಕರೆ ಸಾಕು, ನನ್ನಂಥವರು ಅದಕ್ಕೊಂದು ಅರ್ಥ ಅಂಟಿಸದೆ ಬಿಡುವುದಿಲ್ಲ.

ಮೊದಲ ಡ್ರಾಫ್ಟ್ ಹೀಗಿತ್ತು: 'ಅನಂತ ಅಂಧಕಾರದಲ್ಲಿ ಅವಳು ಒಬ್ಬಂಟಿಯಾಗಿ...'

ಅಲ್ಲಿಗೇ ನೇದಾ ತಡೆದಳು. "ಮಧ್ಯಾಹ್ನ ಹನ್ನೆರಡೂವರೆ ಆಗಿತ್ತು ಕಣೇ. ಮೇಲೆ ನಲವತ್ತನಾಲ್ಕು ಡಿಗ್ರಿ ಬಿಸಿಲು. ಅನಂತ ಅಂತೆ."

ಸರಿ, ಹರಿದು ಹಾಕಿದೆ.

೨

ನೇದಾಗೆ ಅರವತ್ತೊಂದು. ಆಸ್ಟ್ರೇಲಿಯಾದ ಕೂಬರ್ ಪೀಡಿಯಲ್ಲಿ ಅವಳ ಗಂಡ ಯೂರೆ ಮೂವತ್ತು ವರ್ಷ ಗಣಿಗೆ ಇಳಿದು ಓಪಲ್ ಎಂಬ ಬಣ್ಣ ಮಿನುಗುವ ಕಲ್ಲು ಹುಡುಕಿದ. ಅವಳು ಮೇಲೆ ಕೂತು, ಅವನು ಎತ್ತಿ ಹಾಕಿದ ಮಣ್ಣಿನ ಗುಡ್ಡೆ ಕೆದಕಿ, ಅವನ ಕಣ್ಣಿಗೆ ಬೀಳದ ಚೂರುಗಳನ್ನು ಆರಿಸಿದಳು. ಎರಡು ವರ್ಷದ ಹಿಂದೆ ಯೂರೆಯ ಸೊಂಟದ ಕೀಲು ಕೈಕೊಟ್ಟಿತು. ಅಂದಿನಿಂದ ಅವಳು ಕೆಳಗೆ, ಅವನು ಮೇಲೆ, ಗಣಿಬಾವಿಯ ಬಾಯಲ್ಲಿ ಕುರ್ಚಿ ಹಾಕಿಕೊಂಡು. ಆಗಾಗ ಅವನು ಸ್ಪ್ಯಾನರ್‌ನಿಂದ ಕಬ್ಬಿಣದ ಏಣಿಗೆ ಎರಡು ಸಲ ಬಡಿಯುತ್ತಾನೆ. ಅವಳು ಸುತ್ತಿಗೆಯಿಂದ ಎರಡು ಸಲ ಬಡಿದರೆ 'ದೀಪ ಉರಿಯುತ್ತಿದೆ' ಎಂದರ್ಥ.

ಕಳೆದ ಗುರುವಾರ ಅವಳು ಬಡಿಯಲಿಲ್ಲ. ಟಾರ್ಚ್ ಆರಿಹೋಗಿತ್ತು. (ಎರಡನೇ ಟಾರ್ಚ್ ಇರಲಿಲ್ಲವೇ ಎಂದು ಬುದ್ಧಿವಂತ ಓದುಗರು ಕೇಳುತ್ತೀರಿ. ಇತ್ತು. ಅದೂ ಆರಿತು. ಯಾಕೆಂದು ಹೇಳಲಿಕ್ಕೇ ಇಷ್ಟೆಲ್ಲ ಬರೆಯುತ್ತಿರುವುದು.) ಕೈಯಿಂದ ಜಾರಿದ ಸುತ್ತಿಗೆ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಗೋಡೆ ಸವರಿಕೊಂಡು ಏಣಿ ತಲುಪಲು ಹನ್ನೊಂದು ನಿಮಿಷ ಹಿಡಿಯಿತು. ನಾಲ್ಕು ಮೆಟ್ಟಿಲು ಉಳಿದಿರುವಾಗ ಅವಳ ತಲೆಗೆ ಒಂದು ಬೂಟು ತಾಗಿತು. ಉತ್ತರ ಬಾರದೆ ಕಂಗಾಲಾದ ಯೂರೆ ಇಳಿಯಲು ಹೊರಟು, ಮೇಲೂ ಹೋಗಲಾರದೆ ಕೆಳಗೂ ಬರಲಾರದೆ ಸಿಕ್ಕಿಕೊಂಡಿದ್ದ.

"ನನ್ನನ್ನ ಕಾಪಾಡಕ್ಕೆ ಬಂದ್ಯಾ?" ಎಂದಳು ನೇದಾ.

"ಮಾತಾಡ್ಬೇಡ. ಮೊದಲು ನನ್ನ ಆ ಕಾಲು ಎತ್ತು."

ಕುರ್ಚಿಯಲ್ಲಿ ಕೂತು ಸುಧಾರಿಸಿಕೊಂಡ ಮೇಲೆ ಅವನು ಹೇಳಿದ: "ಸೋಮವಾರ ಗಣಿ ಕೊಳ್ಳೋನು ಒಬ್ಬ ಜಾಗ ನೋಡೋಕೆ ಬರ್ತಾನಲ್ಲ, ಅವನು ಬಂದಾಗ ದೀಪ ಸರಿಯಾಗಿದ್ರೆ ನೀನು ಇಳೀತಾ ಇರು. ಇನ್ನೊಂದು ಸಲ ಆರಿದ್ರೆ ನಾನು ಮಾರಿಬಿಡ್ತೀನಿ. ಚರ್ಚೆ ಬೇಡ."

ನೇದಾಗೆ ಗಣಿ ಬೇಕು, ಓಪಲ್ಲಿಗಾಗಿ ಅಲ್ಲ. ಉಪ್ಪೆಲ್ಲಿ, ಕನ್ನಡಕ ಎಲ್ಲಿ, ಗುಳಿಗೆ ತಗೊಂಡ್ಯಾ ಎಂದು ಯಾರೂ ಕೇಳದ ಜಾಗ ಅವಳಿಗೆ ಬದುಕಿನಲ್ಲಿ ಸಿಕ್ಕಿದ್ದು ಅದೊಂದೇ. ಇದನ್ನು ಅವಳು ಗಂಡನಿಗೆ ಹೇಳಿಲ್ಲ. (ನನಗೂ ಹೇಳಿರಲಿಲ್ಲ. ನಾನೇ ಊಹಿಸಿ ಬರೆದೆ. ಓದಿದಳು, ಅಳಿಸಲಿಲ್ಲ.)

೩

ಶನಿವಾರ ಫೋಟಿನಿಯ ಅಂಗಡಿ. ಫೋಟಿನಿ ಓಪಲ್ ಕೊಳ್ಳುವವಳು, ಇನ್ನೊಂದು ಮೂಲೆಯಲ್ಲಿ ಹಗ್ಗ, ಟಾರ್ಚ್, ಬ್ಯಾಟರಿ ಮಾರುವವಳು. ನೇದಾ ಸತ್ತ ಬ್ಯಾಟರಿಯನ್ನು ಗಾಜಿನ ಮೇಜಿನ ಮೇಲಿಟ್ಟಳು. ಹೆಬ್ಬೆರಳಿಗಿಂತ ತುಸು ಉದ್ದ, ಕಡುಗೆಂಪು ಹೊದಿಕೆ, ಅದರ ಮೇಲೆ ಎಷ್ಟು ಕರೆಂಟ್ ಹಿಡಿಸುತ್ತದೆಂಬ ಲೆಕ್ಕ, ಚಿನ್ನದ ಬಣ್ಣದಲ್ಲಿ 9900.

"ಯೂರೆ ನೆಟ್‌ನಲ್ಲಿ ತರಿಸಿದ್ದು. ಒಂದರ ಬೆಲೆಗೆ ನಾಲ್ಕು" ಎಂದಳು.

"ಈ ಗಾತ್ರದ್ದರಲ್ಲಿ ಮೂರೂವರೆ ಸಾವಿರ ಹಿಡಿಸಿದ್ರೇ ಹೆಚ್ಚು ಅಕ್ಕಾ. ಒಂಬತ್ತು ಸಾವಿರದ ಒಂಬೈನೂರು ಎಲ್ಲಿಂದ ಬರುತ್ತೆ? ಕೋಳಿಮೊಟ್ಟೆ ಗಾತ್ರದ ಓಪಲ್ ಐವತ್ತು ಡಾಲರ್‌ಗೆ ಕೊಡ್ತೀನಿ ಅಂತ ಯಾರಾದ್ರೂ ಬಂದ್ರೆ ನಿನ್ನ ಯೂರೆ ಏನ್ ಮಾಡ್ತಾನೆ?"

"ಒದ್ದು ಓಡಿಸ್ತಾನೆ."

"ಮತ್ತೆ ಇದನ್ನ ಯಾಕೆ ನಂಬಿದ?"

"ಇದು ಕಲ್ಲಲ್ವಲ್ಲ."

ಫೋಟಿನಿ ಓಪಲ್ ತೂಗುವ ತಕ್ಕಡಿ ಎಳೆದುಕೊಂಡಳು. ಕೆಂಪು ಬ್ಯಾಟರಿ ಇಪ್ಪತ್ತೊಂಬತ್ತು ಗ್ರಾಂ. ಕಪಾಟಿನಿಂದ ಬೂದು ಬಣ್ಣದ್ದೊಂದನ್ನು ತೆಗೆದು ಇಟ್ಟಳು. ನಲವತ್ತೇಳು.

"ನೋಡು. ಒಳಗೆ ಸರಕೇ ಇಲ್ಲ."

ನೇದಾ ಎರಡನ್ನೂ ಎರಡು ಅಂಗೈಯಲ್ಲಿಟ್ಟು ಕಣ್ಣು ಮುಚ್ಚಿದಳು. ಮೂವತ್ತು ವರ್ಷ ಕಲ್ಲು ಎತ್ತಿ ನೋಡಿದ ಕೈಗಳು. ಕೆಂಪನ್ನು ಒಂದು ಸಲ ಹೀಗೆ ಹಿಡಿದಿದ್ದರೂ ಗೊತ್ತಾಗುತ್ತಿತ್ತು. ಬಣ್ಣ ನೋಡಿದ್ದಳು, ಕೈಯಲ್ಲಿ ತೂಗಿ ನೋಡಿರಲಿಲ್ಲ.

"ಇನ್ನೂ ಅಗ್ಗದ್ದು ಇದೆಯಾ?"

"ಹಳೇ ಲ್ಯಾಪ್‌ಟಾಪ್‌ನಿಂದ ಬಿಚ್ಚಿದ್ದು ಇದೆ."

"ಅದನ್ನ ಯಾರಿಗೆ ಮಾರ್ತೀಯ?"

"ನನಗೆ ಆಗದವರಿಗೆ."

"ನನಗೆ ತೋರಿಸ್ತಾ ಇದ್ದೀಯಲ್ಲ."

"ನೀನು ಕೇಳಿದ್ದಕ್ಕೆ ತೋರಿಸಿದೆ." ಫೋಟಿನಿ ಬೂದು ಬಣ್ಣದ್ದನ್ನು ಮುಂದೆ ತಳ್ಳಿದಳು. "ಇದು ಮಧ್ಯದ ಬೆಲೆ. ತಳದಲ್ಲಿ ಒಂದು ಪುಟ್ಟ ಬಿಲ್ಲೆ ಇದೆ. ಏನಾದ್ರೂ ಎಡವಟ್ಟಾದ್ರೆ ತಾನೇ ಕರೆಂಟ್ ನಿಲ್ಲಿಸುತ್ತೆ."

"ನಿಲ್ಲಿಸಿದ್ರೆ ದೀಪ ಹೋಗಲ್ವಾ?"

"ಹೋಗುತ್ತೆ. ಕೈಯಲ್ಲಿ ಸಿಡಿಯೋದಕ್ಕಿಂತ ವಾಸಿ. ಎರಡನೇ ಟಾರ್ಚ್ ಇರೋದು ಅದಕ್ಕೇ. ಚಾರ್ಜಿಗೆ ಹಾಕಿ ಮಲಗ್ಬೇಡ. ಹೊದಿಕೆ ಹರಿದ್ರೆ ಎಸಿ." ಆಮೇಲೆ ಕೆಂಪು ಬ್ಯಾಟರಿಯನ್ನು ಲೆನ್ಸಿನ ಕೆಳಗೆ ಹಿಡಿದು ಹುಬ್ಬು ಗಂಟಿಕ್ಕಿದಳು. "ತುದಿಗೆ ತುಕ್ಕು ಹಿಡಿದಿದೆ. ನೀರಲ್ಲಿ ಹಾಕಿದ್ರಾ?"

"ಬ್ಯಾಟರೀನ ನೀರಲ್ಲಿ ಯಾರು ಹಾಕ್ತಾರೆ" ಎಂದು ನೇದಾ ನಕ್ಕಳು.

೪

ಕಾರಿನಲ್ಲಿ ಬರುವಾಗ ನಗು ನಿಂತಿತು.

ನಮ್ಮೂರಲ್ಲಿ ಒಳ್ಳೆಯ ಕಲ್ಲು ಸಿಕ್ಕರೆ ಏನು ಮಾಡುತ್ತಾರೆ? ಒಣಗಿ ಬಿರುಕು ಬಿಡಬಾರದೆಂದು ಒದ್ದೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಡುತ್ತಾರೆ. ಯೂರೆಯ ಡಬ್ಬಿ ತಂಬಾಕಿನದು, ತಗಡಿನದು, ಹಾಸಿಗೆ ಪಕ್ಕದ ಗೋಡೆಯ ಗೂಡಿನಲ್ಲಿರುತ್ತದೆ. ಮಾರುವುದಿಲ್ಲ ಎಂದು ತೀರ್ಮಾನಿಸಿದ ಕಲ್ಲುಗಳು ಮಾತ್ರ ಅದರಲ್ಲಿ.

ನೇದಾ ಮುಚ್ಚಳ ತೆಗೆದಳು. ಕಲ್ಲುಗಳನ್ನು ಒಂದು ಬದಿಗೆ ಸರಿಸಿ ಜಾಗ ಮಾಡಿದ್ದ. ಚರ್ಚಿಗೆ ಹೋಗುವಾಗ ಮಾತ್ರ ತೆಗೆಯುವ ಬಿಳಿ ಕರವಸ್ತ್ರ, ಅದರೊಳಗೆ ಉಳಿದೆರಡು ಕೆಂಪು ಬ್ಯಾಟರಿ, ಎರಡು ತುದಿಯೂ ಹೊರಗೆ ಚಾಚಿ ತಗಡಿಗೆ ತಾಗುವಂತೆ. ಒದ್ದೆಯಿರಬೇಕಾದ ಬಟ್ಟೆ ಆಗತಾನೆ ಇಸ್ತ್ರಿ ಮಾಡಿದಂತೆ ಒಣಗಿ ಬೆಚ್ಚಗಿತ್ತು. ಟಾರ್ಚ್‌ಗಳಿಗೆ ಹಾಕಿದ್ದ ಬ್ಯಾಟರಿಗಳೂ ಬುಧವಾರ ಇಲ್ಲಿಯೇ ಮಲಗಿದ್ದವು, ತುದಿಯಿಂದ ತುದಿಗೆ ಕರೆಂಟ್ ಹರಿದು ಅವುಗಳ ಜೀವ ಬಹುಪಾಲು ಈ ತಗಡಿನಲ್ಲೇ ಸೋರಿಹೋಗಿತ್ತು. ಅವು ನಿಜವಾದ ಬ್ಯಾಟರಿಗಳಾಗಿದ್ದರೆ ಹಾಸಿಗೆಯ ಪಕ್ಕದಲ್ಲಿ ಬೆಂಕಿಯೇ ಏಳುತ್ತಿತ್ತು.

ಅವಳ ಜೀವ ಯಾವುದರ ಮೇಲೆ ನಿಂತಿತ್ತೋ ಅದನ್ನು ಅವನು ತನ್ನ ಅತ್ಯುತ್ತಮ ಓಪಲ್‌ನಂತೆ ಜೋಪಾನ ಮಾಡಿದ್ದ. ಹಾಗೆ ಮಾಡಿಯೇ ಅವಳನ್ನು ಕತ್ತಲಿಗೆ ದೂಡಿದ್ದ.

(ಇಲ್ಲಿ ಮೂರು ಪುಟ ಬರೆದಿದ್ದೆ. ಅವಳು ಕರವಸ್ತ್ರ ಹಿಡಿದು ಅತ್ತ ಪುಟಗಳು. "ನಾನು ಅಳಲಿಲ್ಲ, ಬೈದೆ" ಎಂದಳು. ಏನು ಬೈದಳೆಂದು ಅಚ್ಚು ಹಾಕಿಸುವಂತಿಲ್ಲ.)

೫

ಈಗ ಅಂತ್ಯಗಳು. ಮೂರು ತಯಾರಿಸಿಟ್ಟುಕೊಂಡಿದ್ದೆ.

ಅ. ಅವಳು ಹೇಳುತ್ತಾಳೆ, ಅವನು ಕುಸಿದು ಅಳುತ್ತಾನೆ.

"ಯೂರೆ ಅಳಲ್ಲ. ಮೊದಲು ನನ್ನನ್ನೇ ಬೈತಾನೆ, ಆಮೇಲೆ ಎರಡು ದಿನ ಊಟ ಬಿಡ್ತಾನೆ, ಆಮೇಲೆ ಗಣಿ ಮಾರ್ತಾನೆ."

ಆ. ಅವಳು ಹೇಳುವುದಿಲ್ಲ.

"ಆಗ ಹೊಸವನ್ನೂ ಒದ್ದೆ ಬಟ್ಟೇಲಿ ಸುತ್ತಿಡ್ತಾನೆ. ಕತೆ ಚೆನ್ನಾಗಿರುತ್ತೆ. ಓದೋಕೆ ನಾನಿರಲ್ಲ."

ಇ. ಸೋಮವಾರ ಗೋಡೆಯಲ್ಲಿ ಕೆಂಪು ಹಸಿರು ಮಿಂಚುವ ಮುಷ್ಟಿಗಾತ್ರದ ಓಪಲ್ ಸಿಗುತ್ತದೆ.

"ಮೂರನೇದು ಹಾಕು" ಎಂದ ಆಗತಾನೆ ಒಳಬಂದ ಯೂರೆ, ಯಾರೂ ಕೇಳದಿದ್ದರೂ.

ಹಾಕಲಿಲ್ಲ.

೬

ಆಗಿದ್ದು ಇಷ್ಟು. ಭಾನುವಾರ ಕಾಫಿಯ ಹೊತ್ತಿಗೆ ನೇದಾ ಒಂದು ಪ್ಲಾಸ್ಟಿಕ್ ಪೆಟ್ಟಿಗೆಯನ್ನು ಗಂಡನ ಮುಂದಿಟ್ಟಳು. ಒಳಗೆ ನಾಲ್ಕು ಬೂದು ಬ್ಯಾಟರಿ, ಒಂದೊಂದಕ್ಕೂ ಬೇರೆ ಬೇರೆ ಗೂಡು.

"ಇವನ್ನ ಇದರಲ್ಲೇ ಇಡು. ಇವಕ್ಕೆ ನೀರು ಆಗಲ್ಲ. ತಗಡೂ ಆಗಲ್ಲ."

ಯೂರೆ ಪೆಟ್ಟಿಗೆ ನೋಡಿದ. ಅವಳ ಮುಖ ನೋಡಿದ. ಗೋಡೆಯ ಗೂಡಿನ ಕಡೆ ನೋಡಿದ. ಕಾಫಿ ಆರಿತು.

"ಹಾಗಾದ್ರೆ ಗುರುವಾರ..."

"ನಿನ್ನ ಕಾಫಿ ಕುಡಿ."

"ನೇದಾ."

"ಕಲ್ಲಿಗೆ ಮಾಡಿದ್ದನ್ನ ನನಗೂ ಮಾಡಿದೆ. ಮೂವತ್ತು ವರ್ಷಕ್ಕೆ ಒಂದ್ಸಲ. ಈಗ ಬಿಡು."

ಅವನು ಎದ್ದು, ಕುಂಟುತ್ತಾ ಹೋಗಿ, ಕರವಸ್ತ್ರ ತೊಳೆದು, ಹಿಂಡಿ, ಕುರ್ಚಿಯ ಬೆನ್ನಿಗೆ ಹಾಕಿದ. ಬಹಳ ಹೊತ್ತು ಅದನ್ನು ನೇರ ಮಾಡುತ್ತಲೇ ನಿಂತಿದ್ದ.

"ನಾಳೆ ಆ ಮನುಷ್ಯ ಬರ್ತಾನೆ" ಎಂದ, ಹಿಂದೆ ತಿರುಗದೆ.

"ಬರಲಿ. ನಾನು ಕೆಳಗಿರ್ತೀನಿ."

೭

ಸೋಮವಾರ ಹನ್ನೊಂದು ಗಂಟೆ. ನೇದಾ ಕೆಳಗಿದ್ದಾಳೆ. ಸುತ್ತಿಗೆಯನ್ನು ಈ ಸಲ ಮಣಿಕಟ್ಟಿಗೆ ಕಟ್ಟಿಕೊಂಡಿದ್ದಾಳೆ. ಟಾರ್ಚಿನ ಬೆಳಕು ಗೋಡೆಯ ಮೇಲೆ ಬಿಳಿ ತಟ್ಟೆಯಂತೆ ಅಲುಗದೆ ನಿಂತಿದೆ. ಮೇಲೆ ಕಾರಿನ ಸದ್ದು, ಬಾಗಿಲು ಹಾಕಿದ ಸದ್ದು, ಗೊತ್ತಿಲ್ಲದ ದನಿ. ಬಂದವನು ಏನೋ ಕೇಳುತ್ತಿದ್ದಾನೆ, ಯೂರೆ ಏನೋ ಹೇಳುತ್ತಿದ್ದಾನೆ.

ಆಗ ಅವಳು, ಯಾರೂ ಹೇಳದೆ, ನಾನೂ ಬರೆಯದೆ, ಹೆಬ್ಬೆರಳಿನಿಂದ ಗುಂಡಿ ಒತ್ತಿ ಟಾರ್ಚ್ ಆರಿಸಿದಳು.

ಗುರುವಾರದ್ದೇ ಕತ್ತಲು. ಆದರೆ ಇದು ತಾನಾಗಿ ಬಂದದ್ದಲ್ಲ, ಅವಳು ಕರೆದದ್ದು. ಒತ್ತಿದರೆ ಬೆಳಕು ಬರುತ್ತದೆಂಬುದು ಅವಳಿಗೆ ಗೊತ್ತು, ಅದಕ್ಕೇ ಒತ್ತದೆ ನಿಂತಿದ್ದಾಳೆ. ಮಣ್ಣಿನ ತಂಪು ಕತ್ತಿನವರೆಗೆ ಬಂದಿದೆ.

ಟಣ್. ಟಣ್.

ಮೇಲಿನಿಂದ ಯೂರೆಯ ಸ್ಪ್ಯಾನರ್. ದೀಪ ಉರಿಯುತ್ತಿದ್ದರೆ ಎರಡು ಬಡಿತ ಎಂಬ ಒಪ್ಪಂದ. ದೀಪ ಉರಿಯುತ್ತಿಲ್ಲ. ಎರಡು ಬಡಿದರೆ ಸುಳ್ಳು, ಬಡಿಯದಿದ್ದರೆ ಗಣಿ ಹೋಯಿತು, ಗುಂಡಿ ಒತ್ತಿ ಬಡಿದರೆ ಈ ಕತ್ತಲು ಮುಗಿಯಿತು.

ಓದುಗರೇ, ನಿಮಗಾಗಿ ನಾನು ಬಾವಿಯ ಬಾಯಿಗೆ ಬಾಗಿ ಕೇಳಿದೆ. "ನೇದಾ, ಏನು ಬಡೀತೀಯ?"

"ಇಲ್ಲಿಗೂ ಬಂದು ಕೇಳ್ತೀಯಲ್ಲೇ" ಎಂದಳು.

ಅದಕ್ಕೆ ನಾನು ಕೇಳುವುದನ್ನು ನಿಲ್ಲಿಸಿದ್ದೇನೆ. ಮೇಲೆ ಯೂರೆ ಬಂದವನಿಗೆ ಸುಮ್ಮನಿರಲು ಕೈ ಮಾಡಿ, ಏಣಿಯ ಕಬ್ಬಿಣಕ್ಕೆ ಕಿವಿ ಆನಿಸಿದ್ದಾನೆ.