ಬೆಂದ ಕಲ್ಲು

ಮಾವನ ಹಾಸಿಗೆಯ ಪಕ್ಕದಲ್ಲಿ ವಿಕಿರಣ ಅಳೆಯುವ ಯಂತ್ರ ಇಟ್ಟು ಮೂರನೆಯ ಸಲ ಎಣಿಸಿದೆ. ಅಂಗಳದಲ್ಲಿ ನಿಮಿಷಕ್ಕೆ ಇಪ್ಪತ್ತೆರಡು ಸಲ ಟಿಕ್ ಎನ್ನುತ್ತಿದ್ದದ್ದು ಕಲ್ಲಿನ ಬಳಿ ಒಂಬೈನೂರು ದಾಟಿತು. ಮೊದಲೆರಡು ಸಲವೂ ಅಷ್ಟೇ. ನನ್ನ ಎಣಿಕೆ ತಪ್ಪಿರಬಹುದೆಂಬ ಆಸೆ ಅಲ್ಲಿಗೆ ಮುಗಿಯಿತು.

ಅಂಗೈಯಗಲದ, ಕಪ್ಪು ಗಾಜಿನಂಥ ಕಲ್ಲು. ಫ್ರೆಂಚರು ನಮ್ಮ ಮರುಭೂಮಿಯ ಬೆಟ್ಟದೊಳಗೆ ಅಣುಬಾಂಬು ಸಿಡಿಸಿ ಹೊರಟುಹೋದ ಮೇಲೆ ಊರಿನವರೆಲ್ಲ ತಾಮ್ರದ ತಂತಿ ಆಯಲು ಸುರಂಗದ ಬಾಯಿಗೆ ಹೋಗಿದ್ದರು. ಅಮಸ್ತಾನ್ ಮಾವ ತಂತಿ ಮಾರಿದರು, ಕಲ್ಲನ್ನು ಇಟ್ಟುಕೊಂಡರು. ಕೈಯ ಹುಣ್ಣಿಗೆ ನೀರು ಆಗದೆ ಹೋದಾಗಿನಿಂದ, ಒಂಬತ್ತು ವರ್ಷ, ನಮಾಜಿಗೆ ಮುಂಚೆ ಆ ಕಲ್ಲಿನ ಮೇಲೆ ಅಂಗೈ ಒತ್ತಿ ಮುಖ, ಕೈ ಸವರಿಕೊಳ್ಳುತ್ತಿದ್ದಾರೆ. ನೀರು ಸಿಗದವರಿಗೆ, ನೀರು ಆಗದವರಿಗೆ ಶುಚಿಗೆ ನೆಲವೇ ಸಾಕು. ಮರಳಾದರೂ ಸರಿ, ಕಲ್ಲಾದರೂ ಸರಿ. ದಿನಕ್ಕೆ ಐದು ಸಲ ಅದನ್ನು ಎತ್ತಿಕೊಡುವವಳು ಮಗಳು ತೆಹಿತ್. ಅವಳೀಗ ಏಳು ತಿಂಗಳ ಬಸುರಿ. ಉಳಿದ ಹೊತ್ತು ಕಲ್ಲು ಅವಳ ಮಡಿಲಲ್ಲೇ.

“ಏನಂತೆ ನಿನ್ನ ಪೆಟ್ಟಿಗೆ?” ತೆಹಿತ್ ಎತ್ತರದಿಂದ ಚಹಾ ಸುರಿಯುತ್ತ ಕೇಳಿದಳು. “ನನ್ನನ್ನ ಮದುವೆ ಆಗಿದ್ರೆ ಆಡು ಮೇಯಿಸ್ಕೊಂಡು ಹಾಯಾಗಿರ್ತಿದ್ದೆ. ಈಗ ನೋಡು, ಕಲ್ಲಿನ ನಾಡಿ ಹಿಡ್ಕೊಂಡು ಕೂತಿದ್ದೀಯ.”

“ನಿನ್ನ ಆಡುಗಳೂ ಒಪ್ಪಬೇಕಿತ್ತಲ್ಲ,” ಎಂದೆ. ಆಮೇಲೆ ಮಾವನ ಕಡೆ ತಿರುಗಿದೆ. “ಮಾವ, ಈ ಕಲ್ಲು ಮನೇಲಿರಬಾರದು. ತೆಹಿತ್‌ಗೆ ಒಳ್ಳೇದಲ್ಲ, ಹೊಟ್ಟೇಲಿರೋ ಮಗೂಗಂತೂ ಅಲ್ಲವೇ ಅಲ್ಲ.”

ಮಾವ ಮುಖಕ್ಕೆ ಸುತ್ತಿದ್ದ ಪೇಟದ ಮುಸುಕು ಸರಿಪಡಿಸಿಕೊಂಡರು. “ನೀನು ಹುಟ್ಟೋಕೆ ಮುಂಚಿನಿಂದ ಇಂಥ ಪೆಟ್ಟಿಗೆ ಹಿಡ್ಕೊಂಡು ಬರ್ತಾನೇ ಇದ್ದಾರೆ ಕಣೋ. ಬಾವಿ ಅಳೀತಾರೆ, ಹಾಲು ಅಳೀತಾರೆ, ಬರ್ಕೋತಾರೆ, ಹೋಗ್ತಾರೆ. ಬಾವಿ ಬಿಟ್ಟು ಎಲ್ಲಿಗೆ ಹೋಗ್ಲಪ್ಪಾ ಅಂದ್ರೆ ಒಬ್ಬರಿಗೂ ಬಾಯಿಲ್ಲ. ಈಗ ಕಲ್ಲಿನ ಸರದಿಯಾ?”

“ನಾನು ಹೇಳ್ತಿರೋದು ನಿಜ, ಮಾವ.”

“ಅವರೂ ಹಾಗೇ ಅಂದಿದ್ರು.”

ಅವರನ್ನು ಒಪ್ಪಿಸುವ ಮಾತು ಒಂದಿತ್ತು. ಅದಕ್ಕೆ ಯಂತ್ರ ಬೇಕಿರಲಿಲ್ಲ. ಮಾವನೇ ಚಿಕ್ಕಂದಿನಲ್ಲಿ ನನಗೆ ಕಲಿಸಿದ್ದು: ಬೆಂಕಿಯಲ್ಲಿ ಬೆಂದದ್ದು, ಇಟ್ಟಿಗೆಯಾಗಲಿ ಸುಣ್ಣವಾಗಲಿ, ಈ ಶುಚಿಗೆ ಸಲ್ಲದು. ಹೇಳಿದರೆ ಕಲ್ಲು ಹೋಗುತ್ತದೆ, ಜೊತೆಗೆ ಒಂಬತ್ತು ವರ್ಷದ ನಮಾಜೂ ಹೋಗುತ್ತದೆ. ತೆಹಿತ್ ಕಲ್ಲನ್ನು ಮತ್ತೆ ಮಡಿಲಿಗೆ ಹಾಕಿಕೊಂಡಳು.

ಹೇಳಿದೆ. “ಬಾಂಬಿನ ಬಿಸಿಗೆ ಬೆಟ್ಟದ ಹೊಟ್ಟೆ ಕರಗಿ, ಸುರಂಗದಿಂದ ಹರಿದು ಬಂದು ಗಟ್ಟಿಯಾಗಿದ್ದು ಇದು, ಮಾವ. ಬೆಂದ ಕಲ್ಲು.”

ಎರಡನೆಯ ಸುತ್ತಿನ ಚಹಾ ಲೋಟದಲ್ಲೇ ಆರಿತು.

“ಆ ದಿನ ಹೊಗೆ ಎದ್ದದ್ದನ್ನ ನಾನೇ ನೋಡಿದ್ದೆ,” ಎಂದರು ಕೊನೆಗೆ. “ಆಡು ಕಾಯ್ತಿದ್ದೆ. ಕಲ್ಲು ಎತ್ಕೊಂಡಾಗ, ಬೆಟ್ಟದೊಳಗಿಂದ ಬಂದಿದ್ದು, ಯಾರೂ ತುಳಿಯದ ನೆಲ, ಇದಕ್ಕಿಂತ ಶುಚಿ ಯಾವುದಿದೆ ಅಂದ್ಕೊಂಡೆ.”

“ಗೊತ್ತಿಲ್ದೆ ಆಗಿದ್ದು ಅಪ್ಪಾ. ದೇವರು ತಪ್ಪು ಹಿಡಿಯಲ್ಲ,” ಎಂದಳು ತೆಹಿತ್.

“ಹಿಡಿಯಲ್ಲ. ನನಗೆ ಸಮಾಧಾನ ಆಗ್ಬೇಕಲ್ಲ.” ಕಲ್ಲಿನ ಕಡೆ ನೋಡದೆ ನನಗೆ ಕೈಸನ್ನೆ ಮಾಡಿದರು. ಅದನ್ನು ತಗಡಿನ ಡಬ್ಬಿಗೆ ಹಾಕಿ, ದೂರದಲ್ಲಿ ನಿಲ್ಲಿಸಿದ್ದ ಜೀಪಿನ ಹಿಂಭಾಗದಲ್ಲಿಟ್ಟು ಬಂದೆ.

ಮಧ್ಯಾಹ್ನದ ನಮಾಜಿನ ಹೊತ್ತಿಗೆ ತೆಹಿತ್ ತಟ್ಟೆಯಲ್ಲಿ ಮರಳು ತಂದಳು. ಕೈ ಇಳಿಸಲು ಹೋದ ಮಾವ ಅರ್ಧದಲ್ಲೇ ನಿಂತರು.

“ಎಲ್ಲಿಯ ಮರಳು?”

“ಮನೆ ಹಿಂದಿಂದು.”

“ಪೆಟ್ಟಿಗೆ ಇಡೋ.”

ಇಟ್ಟೆ. ಇಡೀ ಒಂದು ನಿಮಿಷ ಅವರ ಎರಡೂ ಕೈ ತಟ್ಟೆಯ ಮೇಲೆ ಹಾಗೇ ನಿಂತಿದ್ದವು. ಟಿಕ್‌ಗಳನ್ನು ಎಣಿಸಿದೆ: ಇಪ್ಪತ್ತಮೂರು.

“ನಡೀತದೆ, ಮಾವ.”

ಕೈಗಳು ಮರಳಿಗೆ ಇಳಿದವು.

ಕೂತಲ್ಲೇ ನಮಾಜು ಮುಗಿಸಿದ ಮಾವ ಹಾಸಿಗೆಗೆ ಒರಗಲಿಲ್ಲ. ಅದನ್ನೇ ಮತ್ತೆ ಮೊದಲಿನಿಂದ ಶುರುಮಾಡಿದರು. ಕಲ್ಲಿನ ವರ್ಷಗಳಲ್ಲಿ ಸಲ್ಲದೆ ಹೋದವುಗಳಲ್ಲಿ ಮೊದಲ ನಮಾಜು.

“ಒಂಬತ್ತು ವರ್ಷದ್ದು,” ಎಂದಳು ತೆಹಿತ್ ಮೆಲ್ಲಗೆ. “ಅಪ್ಪನಿಗೀಗ ಎಪ್ಪತ್ತೆಂಟು.” ಮರಳಿನ ತಟ್ಟೆಯನ್ನು ಹಾಸಿಗೆಯ ಹತ್ತಿರಕ್ಕೆ ಸರಿಸಿ, “ಪೆಟ್ಟಿಗೆ ಬಿಟ್ಟು ಹೋಗು,” ಎಂದಳು.

ಅದು ನಾನು ಪಾಠ ಮಾಡುವ ಶಾಲೆಯದು, ಸಹಿ ಹಾಕಿ ತಂದದ್ದು. ಚೀಲದಿಂದ ಎರಡು ಹೊಸ ಬ್ಯಾಟರಿ ತೆಗೆದು ಮರಳಿನ ತಟ್ಟೆಯ ಪಕ್ಕದಲ್ಲಿಟ್ಟೆ.